ಪಾಲಯ್ಯನ ಬಾಯಿಗೆ ಒಂದು ದಿನದ ರಜೆ

"ನಾಳೆ ಹೊತ್ತು ಹುಟ್ಟಿ ಮುಳುಗೋ ತನಕ ನನ್ನ ಬಾಯಿಂದ ಒಂದೇ ಒಂದು ಕೆಟ್ಟ ಮಾತು ಬಿತ್ತು ಅಂದ್ರೆ, ನಾನು ಪಾಲಯ್ಯನೇ ಅಲ್ಲ, ತಿಳ್ಕ!"

ಹೊಸದುರ್ಗದ ತನ್ನ ಮನೆಯ ನಡುಮನೆಯಲ್ಲಿ ನಿಂತು, ಎದೆ ತಟ್ಟಿಕೊಂಡು ಪಾಲಯ್ಯ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ಜಯಕ್ಕ ಒಲೆಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ.

"ನೋಡಾಣ," ಎಂದಳು, ಅಷ್ಟೆ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷದ ಮಾತು ಇದು. ಪಾಲಯ್ಯ ಆಗ ಖಾಸಗಿ ಬಸ್ಸೊಂದರ ಕಂಡಕ್ಟರ್. ಬಸ್ಸು ಹೊಸದುರ್ಗ ಬಿಟ್ಟು, ಹಿರಿಯೂರು ದಾಟಿ, ಆಂಧ್ರದ ಗಡಿ ಮುಟ್ಟಿ ಬರುವಷ್ಟರಲ್ಲಿ ನಾಲ್ಕು ಭಾಷೆಯ ಜನ ಹತ್ತಿ ಇಳಿಯುತ್ತಿದ್ದರು. ಅವರವರನ್ನು ಅವರವರ ಭಾಷೆಯಲ್ಲಿಯೇ ಬೈಯುವುದು ಕಂಡಕ್ಟರನ ಧರ್ಮವೆಂದು ಅವನು ನಂಬಿದ್ದ. ನಂಬಿದ್ದು ಮಾತ್ರವಲ್ಲ, ಆ ವಿದ್ಯೆಯಲ್ಲಿ ಪಂಡಿತನೂ ಆಗಿದ್ದ! ಡ್ರೈವರ್ ಜಂಪಣ್ಣನ ಪಕ್ಕದಲ್ಲಿ ಕುಳಿತು ಅವನು ಕೊಡುತ್ತಿದ್ದ ಉಪನ್ಯಾಸಗಳಿಗೆ ಮುಂದಿನ ಸೀಟಿನವರು ಇಳಿಯುವ ಊರನ್ನೇ ಮರೆಯುತ್ತಿದ್ದರು.

"ನೋಡು ಜಂಪಣ್ಣ, ನಮ್ಮ 'ಲೇ' ಐತಲ್ಲ, ಅದ್ರಲ್ಲಿ ಜಗಳಾನೂ ಐತೆ, ಸಲಿಗೆನೂ ಐತೆ. ತೆಲುಗಿನ 'ಒರೇಯ್' ಎಳೆದಷ್ಟೂ ಬರ್ತೈತೆ, ಹಿರಿಯೂರಲ್ಲಿ ಶುರು ಮಾಡಿದ್ರೆ ಗಡಿ ತನಕ ಎಳೀಬಹುದು. ತಮಿಳಿನ 'ಡೇಯ್' ಗೋಲಿ ಹೊಡೆದಂಗೆ. ಉರ್ದುನ 'ಅಬೇ' ಅಂದೋನು ಮಾತ್ರ ಹೊಡೆದಾಟಕ್ಕೆ ತಯಾರಾಗೇ ಇರ್ಬೇಕು."

"ಬೈಗಳೋ?"

"ಕನ್ನಡದಲ್ಲಿ ಕತ್ತೆ, ತೆಲುಗಲ್ಲಿ ಗಾಡಿದ, ತಮಿಳಲ್ಲಿ ಕಳುದೆ, ಉರ್ದುನಲ್ಲಿ ಗಧಾ. ಭಾಷೆ ಬೇರೆಯಾದ್ರೂ ಹೊರೆ ಹೊರೋದು ಅದೇ ಬಡಪ್ರಾಣಿ! ಇಂಗ್ಲಿಷಿನೋರು ಮಾತ್ರ ಸುಮ್ಕೆ 'ಬ್ಲಡಿ, ಬ್ಲಡಿ' ಅಂತ ರಕ್ತ, ರಕ್ತ ಅಂತಾರೆ. ಅದು ಬೈಗಳಾ? ಆಸ್ಪತ್ರೆ ಮಾತು!"

ಇಂಥವನಿಗೆ ಬಾಯಿ ಕಟ್ಟುವ ಗತಿ ಬಂದದ್ದು ಮಗಳು ಚಂದ್ರಕ್ಕನಿಂದ. ಬಂದ ಸಂಬಂಧಗಳನ್ನೆಲ್ಲ ಮೂಗು ಮುರಿದು ಕಳಿಸಿದ್ದ ಹುಡುಗಿ ಈ ಸಲ ಒಪ್ಪಿಬಿಟ್ಟಿದ್ದಳು. ಹುಡುಗ ಶಿವಕುಮಾರಪ್ಪ, ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಂಬಂಧ ತಂದವನು ಜಂಪಣ್ಣ. ನೆಂಟರ ಮದುವೆಯಲ್ಲಿ ಹುಡುಗನನ್ನು ನೋಡಿಬಂದ ಚಂದ್ರಕ್ಕ ತಾಯಿಯ ಹತ್ತಿರ ಹೇಳಿದ್ದು ಒಂದೇ ಮಾತು: "ಅಮ್ಮಾ, ಅವರು ಬಂದ ದಿನ ಅಪ್ಪಂಗೆ ಬಾಯಿ ಬಿಗಿ ಹಿಡಿಯೋಕೆ ಹೇಳು."

ಕನ್ನಡ ಮೇಷ್ಟ್ರ ಮನೆತನ! ಅಲ್ಲಿ ಮಾತಿಗೆ ಮಾತು ತೂಗಿ ನೋಡುತ್ತಾರೆಂದು ಪಾಲಯ್ಯನೇ ನಿರ್ಧರಿಸಿದ. ತನ್ನಲ್ಲಿ ಶುದ್ಧ ಕನ್ನಡ ಎಷ್ಟಿದೆಯೆಂದು ತಡಕಿ ನೋಡಿದ. ಇದ್ದದ್ದೆಲ್ಲ ರೇಡಿಯೋ ವಾರ್ತೆಯದು, ಉಳಿದದ್ದು ಬಸ್ಸಿನ ಗೋಡೆಯ ಮೇಲೆ ಬರೆಸಿದ್ದು. ಸಾಕು, ಒಂದು ದಿನ ಕಳೆಯುತ್ತದೆ ಎಂದುಕೊಂಡ.

ಮರುದಿನ ತಮ್ಮೂರು ಹೊರಕೆರೆದೇವಪುರದಿಂದ ಹುಡುಗ ಬಂದ, ಹುಡುಗನ ತಂದೆ ಚಿಕ್ಕತಿಮ್ಮಪ್ಪ ಬಂದ, ಎಲ್ಲರಿಗಿಂತ ಮುಂದೆ ಚಿಕ್ಕತಿಮ್ಮಪ್ಪನ ಅಕ್ಕ ಹೊನ್ನಕ್ಕ ಬಂದಳು. ಜಂಪಣ್ಣ ಬರಲಿಲ್ಲ, ಬಸ್ಸು ಬಿಡಲು ಬೇರೆ ಡ್ರೈವರ್ ಸಿಕ್ಕಿರಲಿಲ್ಲ. ಎರಡು ಕಡೆಯ ಹಿರಿಯರೂ ಒಬ್ಬರನ್ನೊಬ್ಬರು ಮುಖತಃ ನೋಡುತ್ತಿದ್ದದ್ದು ಅದೇ ಮೊದಲು.

ಆ ಸೀಮೆಯಲ್ಲಿ ಒಂದು ಪದ್ಧತಿ. ಬೀಗರಾಗುವವರು ಹೊಸಿಲು ತುಳಿಯುವಾಗಲೇ ಗಂಡಿನ ಕಡೆಯ ಹಿರಿಯಳು ಒಂದು ಚುಚ್ಚುಮಾತು ಎಸೆಯುತ್ತಾಳೆ. ಹೆಣ್ಣಿನ ಕಡೆಯವರು ಅದಕ್ಕಿಂತ ಒಂದು ಕೈ ಮೇಲಾಗಿ ತಿರುಗಿ ಎಸೆಯಬೇಕು. ಎಲ್ಲರೂ ನಗಬೇಕು. ಅಲ್ಲಿಗೆ ನೆಂಟಸ್ತಿಕೆಗೆ ಮೊದಲ ಗಂಟು ಬಿದ್ದ ಹಾಗೆ. ತಿರುಗಿ ಮಾತು ಬಾರದಿದ್ದರೆ, ಮನಸ್ಸಿನಲ್ಲಿ ಏನೋ ಮುಚ್ಚಿಟ್ಟಿದ್ದಾರೆಂದು ಅರ್ಥ.

ಹೊನ್ನಕ್ಕ ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿದಳು. "ಏನ್ರಿ ಇದು, ಬಾಗ್ಲು ಇಷ್ಟು ಗಿಡ್ಡ? ಈ ಮನೆಯೋರೆಲ್ಲ ತೆವಳ್ಕಂಡು ಓಡಾಡ್ತೀರಾ?"

'ನಿನ್ನ ಮೂಗಿನ ಉದ್ದಕ್ಕೆ ಬಾಗ್ಲು ಕೊಯ್ಸೋಕೆ ಬಡಗಿ ಸಿಗಲಿಲ್ಲ ಕಣಕ್ಕ' ಎಂಬ ಉತ್ತರ ಪಾಲಯ್ಯನ ನಾಲಗೆಯ ತುದಿಗೆ ಬಂದು ಕುಣಿಯಿತು. ಅದನ್ನು ಕಷ್ಟಪಟ್ಟು ನುಂಗಿ, ಕೈ ಜೋಡಿಸಿದ.

"ತಮಗೆ ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಹೊನ್ನಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅಕ್ಕನ ಮುಖ ನೋಡಿದ. ಯಾರೂ ನಗಲಿಲ್ಲ.

ಉಪ್ಪಿಟ್ಟು ಬಂತು. ಹೊನ್ನಕ್ಕ ಇನ್ನೊಂದು ಅವಕಾಶ ಕೊಟ್ಟಳು. "ಉಪ್ಪು ಜಾಸ್ತಿ ಆಗೈತೆ. ನಿಮ್ಮೂರಲ್ಲಿ ಉಪ್ಪು ಪುಕ್ಕಟೆನೋ?"

"ತಮ್ಮ ಅಮೂಲ್ಯವಾದ ಸಲಹೆಗೆ ಧನ್ಯವಾದಗಳು," ಎಂದ ಪಾಲಯ್ಯ. ಒಳಕ್ಕೆ ತಿರುಗಿ ಕೂಗಿದ, "ಜಯಮ್ಮನವರೇ, ದಯವಿಟ್ಟು ಅತಿಥಿಗಳಿಗೆ ನೀರು ತನ್ನಿ!"

ಒಳಗೆ ಚೊಂಬು ಢಣ್ ಎಂದು ಬಿದ್ದ ಸದ್ದಾಯಿತು. ಮದುವೆಯಾದಂದಿನಿಂದ 'ಲೇ ಇವಳೇ' ಬಿಟ್ಟು ಬೇರೆ ಹೆಸರು ಕೇಳಿರದ ಜಯಕ್ಕ ಗಾಬರಿಯಾಗಿ ಹೊರಗೆ ಬಂದಳು. ನೀರು ಇಟ್ಟು, ಗಂಡನ ಕಿವಿಯಲ್ಲಿ ಕೇಳಿದಳು, "ಯಾಕ್ರಿ, ಜ್ವರ ಬಂದೈತಾ?"

"ತಾವು ಚಿಂತಿಸಬೇಡಿ."

ಜಯಕ್ಕನ ಅನುಮಾನ ಜ್ವರದಿಂದ ಮುಂದಕ್ಕೆ ಹೋಯಿತು. ಇಷ್ಟು ಮರ್ಯಾದೆ ಕೊಡಬೇಕಾದರೆ ಈ ಮನುಷ್ಯ ಹೊರಗೆ ಏನು ಮಾಡಿಕೊಂಡು ಬಂದಿದ್ದಾನೆ? ಅವಳ ಕಣ್ಣು ಸಣ್ಣಗಾಯಿತು. ಹೊನ್ನಕ್ಕನ ಕಣ್ಣು ಅದಕ್ಕಿಂತ ಸಣ್ಣಗಾಯಿತು.

"ಏನಮ್ಮಾ, ಕಟ್ಕಂಡ ಹೆಂಡ್ತಿನ ಯಾರಾದ್ರೂ ಹಿಂಗೆ ಕರೀತಾರಾ? ನೀನು ಈ ಮನೆಯೋಳೇನಾ?"

"ಹೂಂ ಕಣಕ್ಕ," ಎಂದಳು ಜಯಕ್ಕ. ಆದರೆ ಆ 'ಹೂಂ'ನಲ್ಲಿ ಧೈರ್ಯವಿರಲಿಲ್ಲ.

ಹೊನ್ನಕ್ಕ ಹುಡುಗಿಯನ್ನು ಕರೆಸಿದಳು. ನಡೆಸಿದಳು. ಕುಂಟಿಲ್ಲ. ಸೂಜಿಗೆ ದಾರ ಪೋಣಿಸಲು ಹೇಳಿದಳು. ಕುರುಡಿಲ್ಲ. ಹುಡುಗಿಯಲ್ಲಿ ದೋಷವಿಲ್ಲವೆಂದ ಮೇಲೆ ಅನುಮಾನ ಮತ್ತೆ ತಂದೆಯ ಕಡೆಗೇ ತಿರುಗಿತು.

ಚಿಕ್ಕತಿಮ್ಮಪ್ಪ ಗಂಟಲು ಸರಿಮಾಡಿಕೊಂಡ. "ನೋಡ್ರಿ, ನೇರವಾಗೇ ಹೇಳ್ತೀನಿ. ನಾನೂ ನಮ್ಮಕ್ಕನೂ ಒಂದ್ಸಲ ಪಾಲಯ್ಯನ ಬಸ್ಸಲ್ಲಿ ಹಿರಿಯೂರಿಗೆ ಹೋಗಿದ್ವಿ. ನೂಕುನುಗ್ಗಲು, ಹಿಂದ್ಗಡೆ ನಿಂತಿದ್ವಿ, ಆ ಪುಣ್ಯಾತ್ಮನ ಮುಖ ಕಾಣಲಿಲ್ಲ. ಬಾಯಿ ಮಾತ್ರ ಕೇಳ್ತು. ನಮ್ಮಕ್ಕನ ಕೋಳಿ ಬುಟ್ಟಿಗೆ ಅವನು ಬೈದ ಬೈಗಳು, ಆಹಾ! ಕೋಳಿ ಕೂಡ ತೆಪ್ಪಗಾದ್ವು!"

"ಬಸ್ಸಿಳಿಯೋ ತನಕ ನಕ್ಕಿದ್ದೇ ನಕ್ಕಿದ್ದು," ಎಂದಳು ಹೊನ್ನಕ್ಕ. "ಅವತ್ತೇ ಅಂದೆ, ಬೀಗ ಸಿಕ್ಕಿದ್ರೆ ಇಂಥೋನು ಸಿಗ್ಬೇಕು ಅಂತ. ಅದಕ್ಕೇ ಜಂಪಣ್ಣ ಹೇಳಿದ ತಕ್ಷಣ ಹೊರಟು ಬಂದ್ವಿ. ಈಗ ಹೇಳು, ನಿಜವಾದ ಪಾಲಯ್ಯನ್ನ ಎಲ್ಲಿ ಬಚ್ಚಿಟ್ಟೀರಾ? ಅವನಿಗೆ ಈ ಸಂಬಂಧ ಒಪ್ಪಿಗೆ ಇಲ್ವಾ? ಕುಡಿದು ಬಿದ್ದವ್ನಾ? ನಿನ್ನ ಎಲ್ಲಿಂದ ಕರ್ಕಂಡ್ ಬಂದ್ರು?"

ಪಾಲಯ್ಯ ಗೂಟದ ಮೇಲಿನ ಖಾಕಿ ಅಂಗಿಯಿಂದ ಕಂಡಕ್ಟರ್ ಬ್ಯಾಡ್ಜು ಕಿತ್ತು ತೋರಿಸಿದ. "ನಾನೇ... ನಾನೇ ಪಾಲಯ್ಯ! ನೋಡಿ, ಬ್ಯಾಡ್ಜು!"

"ತಗಡಿನ ಚೂರು, ಯಾರು ಬೇಕಾದ್ರೂ ಚುಚ್ಕತಾರೆ. ಅದೆಲ್ಲ ಬ್ಯಾಡ, ಬಾಯಿ ಬಿಡು. ಒಂದೇ ಒಂದು ಬೈಗಳು ಬೈ."

"ಯಾರಿಗೆ?"

"ನನಗೇ ಬೈ!"

ಬಾಗಿಲ ಸಂದಿಯಲ್ಲಿ ಚಂದ್ರಕ್ಕ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಪಾಲಯ್ಯ ಎದ್ದು ನಿಂತ. ಪಂಚೆ ಬಿಗಿದ. ಮೂರು ತಾಲ್ಲೂಕು ನಡುಗಿಸಿದ್ದ ಬಾಯನ್ನು ಅಗಲವಾಗಿ ತೆರೆದ.

"ಲೇ..." ಎಂದ.

ಎಲ್ಲರೂ ಮುಂದಕ್ಕೆ ಬಾಗಿದರು.

"ಲೇ... ದಯವಿಟ್ಟು..." ಎಂದು ಅಲ್ಲಿಗೇ ನಿಂತುಹೋದ! ಚಿಲ್ಲರೆ ಕೊಡದ ಪ್ರಯಾಣಿಕನಿಲ್ಲ, ಮೆಟ್ಟಲ ಮೇಲೆ ಜೋತಾಡುವವನಿಲ್ಲ, ಸಿಟ್ಟಿಲ್ಲ. ಸುಮ್ಮಸುಮ್ಮನೆ ಬೈಯೆಂದರೆ ಬೈಗಳು ಎಲ್ಲಿಂದ ಬರಬೇಕು? ಕನ್ನಡ ಕೈಕೊಟ್ಟಿತು. ತೆಲುಗು ಗಡಿ ದಾಟಲಿಲ್ಲ. ಉರ್ದು ಬಂದರೂ ಸಲಾಮು ಹೇಳುವಷ್ಟೇ ಬಂತು.

"ಏಳೋ ಚಿಕ್ಕತಿಮ್ಮ, ಹೋಗಾಣ," ಎಂದು ಹೊನ್ನಕ್ಕ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿದಳು. "ಅಪ್ಪನ್ನೇ ಬಾಡಿಗೆಗೆ ತರೋ ಮನೆ ಇದು. ಅಕ್ಕಪಕ್ಕದೋರನ್ನ ಕೇಳಿದ್ರೂ ಹೇಳ್ಕೊಟ್ಟಿದ್ದೇ ಹೇಳ್ತಾರೆ."

ಹುಡುಗ ಚಂದ್ರಕ್ಕನಿದ್ದ ಬಾಗಿಲ ಕಡೆ ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು ಚಪ್ಪಲಿ ಹುಡುಕಿದ. ಚಂದ್ರಕ್ಕ ಬಿಕ್ಕಿದಳು. ಆ ಬಿಕ್ಕು ಕೇಳಿದ್ದೇ ತಡ, ಅಲ್ಲಿಯವರೆಗೆ ಸೆರಗು ಹೊದ್ದು ನಿಂತಿದ್ದ, ಪರರೆದುರು ಗಂಡನ ಹೆಸರನ್ನೂ ಹೇಳದ ಜಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಲೇ ಕತ್ತೆ! ಬೆಳಗಾದ್ರೆ ಹಾಲಿನೋಳಿಗೆ ಬೈತೀಯ, ಸೂರಿನ ಮೇಲಿನ ಕಾಗೆಗೆ ಬೈತೀಯ, ಉರೀದಿರೋ ಸೌದೆಗೂ ಬೈತೀಯ! ಮಗಳ ಬಾಳು ಬಾಗ್ಲಲ್ಲಿ ನಿಂತಿರೋವಾಗ ಬಾಯಲ್ಲಿ ಬೆಣ್ಣೆ ಇಟ್ಕಂಡು ನಿಂತೀಯಾ? ದುನ್ನಪೋತಾ! ಉಲ್ಲೂ ಕಾ ಪಟ್ಠೇ! ಡಬ್ಬರಗುಮ್ಮಾ!"

ಬೈಸಿಕೊಂಡ ಪಾಲಯ್ಯ ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಮೊದಲನೆಯದು ಮನೆಯದೇ. ಎರಡನೆಯದು ಗಡಿಯಾಚೆಯ ಕೋಣ. ಮೂರನೆಯದು ಚಿತ್ರದುರ್ಗದ ಸಂತೆಪೇಟೆಯ ಉರ್ದು ಗೂಬೆ. ಕೊನೆಯದು? ಅದು ಮಾತ್ರ ತಿಳಿಯಲಿಲ್ಲ.

ಹೊನ್ನಕ್ಕ ಚೀಲ ಬಿಚ್ಚಿ ಕುಳಿತಳು. ಮುಖ ಅರಳಿತ್ತು. "ಕುಂತ್ಕಳೋ ಚಿಕ್ಕತಿಮ್ಮ! ಈ ಮಾತು ಹೇಳ್ಕೊಟ್ರೆ ಬರೋದಲ್ಲ. ಆ ಬಸ್ಸಿನ ಗಂಡನ ಜತೆ ಬಾಳಿದೋಳಿಗೆ ಮಾತ್ರ ಬರೋದು. ಇವ್ನೇ ಪಾಲಯ್ಯ, ಅನುಮಾನ ಇಲ್ಲ! ತಗಳಮ್ಮಾ ಬೀಗಿತಿ, ಒಪ್ಪಿಗೆ ವೀಳ್ಯ. ಮದುವೇಲಿ ನನಗೆ ಎದುರುಮಾತು ಕೊಡೋಳು ನೀನೇ. ಈಯಪ್ಪನ್ನ ಊಟಕ್ಕೆ ಎಲೆ ಹಾಕೋಕೆ ಬಿಡು."

ವೀಳ್ಯ ಕೈ ಬದಲಾಯಿತು. ಚಂದ್ರಕ್ಕ ಒಳಗೆ ಓಡಿದಳು. ಬಂದಾಗಿನಿಂದ ಬಾಯಿ ಬಿಡದ ಕನ್ನಡ ಮೇಷ್ಟ್ರು ಈಗ ಸಂಕೋಚದಿಂದ ಪಾಲಯ್ಯನ ಕಡೆ ತಿರುಗಿದ.

"ಮಾವ, ನೀವು ಇಷ್ಟು ಭಾಷೆ ಬಲ್ಲೋರು. ಅತ್ತೆಯವರು ಕೊನೇಲಿ ಅಂದರಲ್ಲ, ಡಬ್ಬರಗುಮ್ಮ ಅಂತ, ಅದು ಯಾವ ಭಾಷೇದು?"

ಪಾಲಯ್ಯ ಮೀಸೆ ನೇವರಿಸಿಕೊಂಡ. ಪಾಂಡಿತ್ಯವನ್ನಾದರೂ ಉಳಿಸಿಕೊಳ್ಳಬೇಕಲ್ಲ! "ಅದಾ? ಅದು ಬಹಳ ಹಳೇದು ಕಣಪ್ಪ. ಆಂಧ್ರದ ಆ ತುದೀಲಿ ಆಡ್ತಾರೆ. ನಾನೇ ತಂದಿದ್ದು."

ಜಯಕ್ಕ ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡು, ನಾಚಿಕೆಯಿಂದ ನೆಲ ನೋಡುತ್ತ ಹೇಳಿದಳು:

"ಅದು ಯಾವ ಭಾಷೇದೂ ಅಲ್ಲಪ್ಪ. ಇರೋ ಭಾಷೇಲೆಲ್ಲ ಹುಡುಕಿದೆ, ಇವ್ರಿಗೆ ಸಾಲೋವಂಥದ್ದು ಒಂದೂ ಸಿಗಲಿಲ್ಲ. ಅದಕ್ಕೇ ನಾನೇ ಮಾಡ್ಕಂಡೆ."