ಮುಂದಿನ ದೀಪ, ಹಿಂದಿನ ಬಾಗಿಲು

ವಾಹನ ವಿಮಾ ಕಂಪನಿಯ ಪರಿಹಾರ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬದ, ಕಂಡದ್ದೆಲ್ಲ ಚೆಂದವೆನಿಸುವ ಹೆಣ್ಣೊಬ್ಬಳ ಮನಸಾರೆ ನಮಸ್ಕಾರಗಳು. ನಮ್ಮ ಕ್ಲೇಮ್ ನಿರಾಕರಿಸಿದ ನಿಮ್ಮ ಪತ್ರವೂ ನನಗೆ ಚೆಂದವಾಗಿಯೇ ಕಂಡಿತು. ಅಷ್ಟು ದಪ್ಪ ಕಾಗದದಲ್ಲಿ ನಮ್ಮ ಲಗ್ನಪತ್ರಿಕೆಯನ್ನೂ ಅಚ್ಚು ಹಾಕಿಸಿರಲಿಲ್ಲ.

ಅತ್ತೆಯವರು ಮಗಳ ಮನೆಗೆ ಹೊರಡುವಾಗ "ಒಂದು ಗೀರೂ ಬೀಳದ ಹಾಗೆ ನೋಡ್ಕೊಳಮ್ಮಾ" ಎಂದು ತಮ್ಮ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟಿದ್ದರು. ಮರುದಿನವೇ, ದರ್ಜಿಯಂಗಡಿಯ ಮುಂದೆ ನಿಲ್ಲಿಸಿದ್ದ ಆ ಕಾರಿನ ಹಿಂಬಾಗಿಲಿಗೆ ನೀರಿನ ಟ್ಯಾಂಕರೊಂದು ರಿವರ್ಸ್ ಬಂದು ಗುದ್ದಿ, ಹೇಳದೆ ಕೇಳದೆ ಹೊರಟುಹೋಯಿತು. ನೀವು ಕಳುಹಿಸಿದ ಸರ್ವೇಯರ್ ಮಹಾಶಯರು ನಜ್ಜುಗುಜ್ಜಾದ ಬಾಗಿಲಿನತ್ತ ಅರೆಗಣ್ಣು ಹಾಯಿಸಿ, ನೆಟ್ಟಗೆ ಮುಂಭಾಗಕ್ಕೆ ನಡೆದು, ಎಡಗಡೆಯ ಹೆಡ್‌ಲೈಟನ್ನು ಬೆರಳಿನಿಂದ ತಟ್ಟಿ, "ಇದು ಕಂಪನಿ ಪಾರ್ಟ್ ಅಲ್ಲಮ್ಮಾ, ಕ್ಲೇಮ್ ಸಿಗಲ್ಲ" ಎಂದರು.

ಎಂಥ ವಿದ್ವತ್ತು! ಮಟಮಟ ಮಧ್ಯಾಹ್ನ ಇಂಜಿನ್ ಆಫ್ ಮಾಡಿ ನಿಲ್ಲಿಸಿದ್ದ ಕಾರಿನ ಉರಿಯದ ಮುಂದಿನ ದೀಪ, ಹಿಂದಿನಿಂದ ಟ್ಯಾಂಕರನ್ನು ಹೇಗೆ ಕೈಬೀಸಿ ಕರೆಯಿತೆಂದು ನಾನಿನ್ನೂ ಧ್ಯಾನಿಸುತ್ತಿದ್ದೇನೆ. ಅಂದಿನಿಂದ ಬೇರೊಂದು ಚಿಂತೆಯೂ ಹತ್ತಿಕೊಂಡಿದೆ. ನನ್ನವರ ಮುಂದಿನ ಹಲ್ಲೊಂದು ದಂತವೈದ್ಯರು ಕೂರಿಸಿದ್ದು. ನಗುವಾಗ ಅದೇ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ. ನಾಳೆ ಅವರು ಮೆಟ್ಟಿಲಿನಿಂದ ಜಾರಿ ಮೊಣಕಾಲು ಮುರಿದುಕೊಂಡರೆ, ಹಲ್ಲು ಮೂಲ ತಯಾರಕರದ್ದಲ್ಲ, ಎಂದರೆ ನನ್ನ ಅತ್ತೆ ಮಾವನದ್ದಲ್ಲ, ಎಂದು ಆಸ್ಪತ್ರೆಯ ಬಿಲ್ಲನ್ನೂ ತಳ್ಳಿಹಾಕುವಿರೇ? ದಯಮಾಡಿ ಸರ್ವೇಯರರನ್ನು ಇನ್ನೊಮ್ಮೆ ಕಳುಹಿಸಿಕೊಡಿ. ನನ್ನವರನ್ನು ಬಾಯಿ ತೆರೆಸಿ ಕೂರಿಸಿರುತ್ತೇನೆ.

ಜೊತೆಗೆ, ಟ್ಯಾಂಕರ್ ಚಾಲಕರೆಲ್ಲ ಇನ್ನು ಮುಂದೆ ಗುದ್ದುವ ಮೊದಲು ಇಳಿದು ಬಂದು, ಬಿಡಿಭಾಗಗಳ ಮೇಲಿನ ಮುದ್ರೆ ಓದಿಕೊಂಡು, ಅಪ್ಪಟ ಅಸಲಿ ಕಾರನ್ನೇ ಆರಿಸಿ ಗುದ್ದುವಂತೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಬಾಗಿಲಿನ ರಿಪೇರಿಯನ್ನಾದರೂ ಮಾಡಿಸಿಕೊಡಿ. ದೀಪಕ್ಕಾಗಿ ನಾನು ಏನನ್ನೂ ಕೇಳಿಲ್ಲ. ಭಾನುವಾರ ಅತ್ತೆ ಬರುತ್ತಾರೆ, ಮತ್ತು ಹೊಸ ಸೊಸೆಯ ಮರ್ಯಾದೆಗೆ ನೀವು ವಿಮೆ ಮಾಡುವುದಿಲ್ಲ.

ಇನ್ನೂ ಅಸಲಿ ಹಲ್ಲುಗಳಿಂದಲೇ ನಗುತ್ತಿರುವ,
ತಮ್ಮ ವಿಶ್ವಾಸಿ,
ಕಾರಿನೊಡತಿಯ ಸೊಸೆ

ತಾ.ಕ.: ಪತ್ರ ಮಡಿಸುವ ಮುಂಚೆ ಧೈರ್ಯ ಮಾಡಿ ಅತ್ತೆಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಬಯ್ಯುತ್ತಾರೆಂದುಕೊಂಡರೆ ನಕ್ಕುಬಿಟ್ಟರು. "ಆ ಲೈಟಾ? ಹೋದ ವರ್ಷ ಆ ವಿಮೆಯವರೇ ತೋರಿಸಿದ ಗ್ಯಾರೇಜಲ್ಲಿ, ಖರ್ಚು ಕಮ್ಮಿ ಆಗುತ್ತೆ ಅಂತ ಅವರೇ ಹಾಕಿಸಿದ್ದು ಕಣೇ! ನೀನು ಸುಮ್ನಿರು, ಸೋಮವಾರ ನಾನೇ ಹೋಗ್ತೀನಿ" ಎಂದರು. ಕುರ್ಚಿಯೊಂದನ್ನು ಖಾಲಿ ಇಟ್ಟಿರಿ. ಅತ್ತೆಯವರಿಗೆ ನನ್ನ ಹಾಗೆ ಪತ್ರ ಬರೆಯುವ ಅಭ್ಯಾಸವಿಲ್ಲ.