ಬೋರ್ಡಿಲ್ಲದ ಗಿಡ

ಬೋರ್ಡಿದ್ದರೆ ಗಿಡ, ಇಲ್ಲದಿದ್ದರೆ ಕಳೆ. ಆ ಸಸ್ಯೋದ್ಯಾನದಲ್ಲಿ ಇದು ಹಿರಿಯ ಮಾಲಿಯೇ ಮಾಡಿದ್ದ ಕಾನೂನು. ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಮೊದಲ ದಿನವೇ ಈ ಪಾಠ ಒಪ್ಪಿಸಬೇಕಿತ್ತು.

ಅವನ ಪ್ರಾಣವೆಲ್ಲ ಒಂದು ಕುಂಡದ ಮೇಲಿತ್ತು. ಅದರಲ್ಲಿದ್ದದ್ದು ಮೊಣಕಾಲೆತ್ತರದ, ಯಾವ ಠೀವಿಯೂ ಇಲ್ಲದ ಕಾಡುಗಿಡ. ಅದು ಬೆಳೆಯುತ್ತಿದ್ದ ಮಳೆಕಾಡಿನ ಅರ್ಧವನ್ನು ರಸ್ತೆ ನುಂಗಿತ್ತು. ಉಳಿದರ್ಧದಲ್ಲಿ ಬೇರು ಔಷಧಿಗಾಗುತ್ತದೆಂದು ಜನ ಕಿತ್ತು ಮುಗಿಸಿದ್ದರು. ಉಳಿದದ್ದು ಇದೊಂದೇ. ಒಂಬತ್ತು ವರ್ಷ ಸಾಕಿದ ಮೇಲೆ ಆ ವಾರ ಮೊದಲ ಸಲ ಹೂಬಿಟ್ಟಿತ್ತು. ಇನ್ನೊಂದು ತಿಂಗಳು ಯಾರೂ ಮುಟ್ಟದಿದ್ದರೆ ಬೀಜ ಕಟ್ಟುತ್ತಿತ್ತು.

ಬೆಳಗ್ಗೆಯೇ ನಿರ್ದೇಶಕರ ಫರ್ಮಾನು ಬಂತು. "ಮಧ್ಯಾಹ್ನ ಆ ಗಿಡ ನೋಡೋಕೆ ಅತಿಥಿಗಳು ಬರ್ತಾರೆ. ತೋಟದಲ್ಲಿ ಒಂದು ಕಸ ಕಾಣಬಾರದು, ತಿಳೀತಾ?"

ಅತಿಥಿಗಳ ಕೈಚಳಕ ಮಾಲಿಗೆ ಗೊತ್ತಿಲ್ಲದ್ದೇನಲ್ಲ. ಕುಂಡವನ್ನು ಸದ್ದಿಲ್ಲದೆ ಎತ್ತಿ ಪಂಪಿನ ಮನೆಯ ಹಿಂದೆ ಬಚ್ಚಿಟ್ಟ. ಚರಂಡಿಯ ಪಕ್ಕ ಬೆಳೆದಿದ್ದ, ಹೆಚ್ಚುಕಡಿಮೆ ಹಾಗೇ ಕಾಣುವ ಕಳೆಯೊಂದನ್ನು ತಂದು, ಅಲ್ಲೇ ಉಳಿದಿದ್ದ ಕುಂಡದ ಬೋರ್ಡಿನ ಕೆಳಗೆ ನೆಲದಲ್ಲಿ ನೆಟ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅತಿಥಿಗಳು ಬಂದರು. ಪ್ರೊಫೆಸರು ಸಂಶೋಧನೆಗೆಂದು ನಾಲ್ಕೆಲೆ ಕಿತ್ತರು.

"ಸಾರ್, ಜಗತ್ತಲ್ಲಿ ಇದೊಂದೇ ಇರೋದು!" ಎಂದ ಮಾಲಿ.

"ಅದಕ್ಕೇ ಅಲ್ವೇನಯ್ಯ ಬೇಕಾಗಿರೋದು?"

ನೆರಳು ಬೀಳುತ್ತದೆಂದು ಫೋಟೋದವನು ಒಂದು ಕೊಂಬೆ ಮುರಿದ. "ಒಂದೇ ಒಂದು ಕಡ್ಡಿ ಕೊಡಪ್ಪ, ಬಾಲ್ಕನೀಲಿ ನೆಟ್ಟು ನೋಡ್ತೀನಿ" ಎನ್ನುತ್ತಲೇ ನಿರ್ದೇಶಕರ ಹೆಂಡತಿ ಮೂರು ಕಡ್ಡಿ ಚೀಲಕ್ಕಿಳಿಸಿದರು. ರಕ್ಷಣೆಗೆ ಬೇಲಿ ಹಾಕಲು ಬಂದ ಗಾರೆಯವನು ಸರಿಯಾಗಿ ಬುಡಕ್ಕೇ ಹಾರೆ ಹಾಕಿದ.

ಪೆಟ್ಟು ತಿಂದದ್ದು ಕಳೆಯೇ ಆದರೂ ಮಾಲಿಯ ಮೈಯೆಲ್ಲ ಉರಿದುಹೋಯಿತು. ನಿಜವಾದ ಗಿಡವಿದ್ದಿದ್ದರೂ ಇವರು ಹೀಗೇ ಮಾಡುತ್ತಿದ್ದರಲ್ಲ! ಇವರಿಗಿಂತ ಆಡು ವಾಸಿ. ಅದು ತಿನ್ನುವ ಮುಂಚೆ ಸಂರಕ್ಷಣೆಯ ಭಾಷಣ ಮಾಡುವುದಿಲ್ಲ.

ಸಂಜೆಗೆ ಬೋರ್ಡಿನ ಕೆಳಗೆ ಉಳಿದದ್ದು ಗೇಣುದ್ದದ ಒಂದು ಕಡ್ಡಿ. ಅತಿಥಿಗಳೆಲ್ಲ ಹೊರಟಮೇಲೆ ಮಾಲಿ ಒಳಗೊಳಗೇ ನಗುತ್ತ ಪಂಪಿನ ಮನೆಯ ಹಿಂದಕ್ಕೆ ಹೋದ.

ಕುಂಡ ಬೋರಲು ಬಿದ್ದಿತ್ತು, ಫಳಫಳ ಹೊಳೆಯುತ್ತ.

"ನೋಡಣ್ಣ, ಹೇಗೆ ಕ್ಲೀನ್ ಮಾಡಿದೀನಿ!" ಎಂದಳು ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಕಸ ಗುಡಿಸುವಾಕೆ. "ಅದ್ರಲ್ಲಿ ಏನೋ ಬೆಳೆದಿತ್ತು. ಬೇರು ಸಮೇತ ಕಿತ್ತು ಬೆಂಕಿಗೆ ಹಾಕ್ದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಕೀಳು ಅಂತ ಯಾರಮ್ಮ ಹೇಳಿದ್ದು ನಿನಗೆ?"

"ನೀವೇ ಅಲ್ವಾಣ್ಣ? ಬೋರ್ಡ್ ಇರ್ಲಿಲ್ಲ."

ಮಾಲಿ ಓಡಿಹೋಗಿ ಬೂದಿ ಕೆದಕತೊಡಗಿದ. ನಿರ್ದೇಶಕರು ಅವನನ್ನು ಹುಡುಕಿಕೊಂಡು ಬಂದರು. "ಇಲ್ಲೇನು ಮಾಡ್ತಿದೀಯ? ಅಲ್ಲಿ ಗಿಡದ ಗತಿ ನೋಡು! ಉಳಿದಿರೋ ಕಡ್ಡಿಗೆ ಇನ್ನು ನೀನೇ ಕಾವಲು. ಅದಕ್ಕೇನಾದ್ರೂ ಆದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಬಾಯಿಬಿಟ್ಟರೆ ಇವತ್ತೇ ಕೆಲಸ ಹೋಗುತ್ತಿತ್ತು. ಮಾಲಿ ಕಣ್ಣೊರೆಸಿಕೊಂಡು ಬೋರ್ಡಿನ ಕೆಳಗಿನ ಚರಂಡಿಯ ಕಳೆಗೆ ಒಂದು ಚೊಂಬು ನೀರು ಹಾಕಿದ. ಮೂರನೇ ದಿನಕ್ಕೇ ಅದು ಸೊಂಪಾಗಿ ಚಿಗುರಿತು.