ಗ್ಯಾರೇಜಿನ ನೆಲ ಮತ್ತು ಅಮಾವಾಸ್ಯೆಯ ಕಾಯಿ

ಬೇರೆಯವರು ಮಾಡುವ ಕೆಲಸವನ್ನು ಎರಡು ನಿಮಿಷ ನೋಡಿದರೆ ಸಾಕು, ಅದು ನನಗೂ ಬರುತ್ತದೆ ಅನ್ನಿಸಿಬಿಡುವುದು ನನ್ನ ಹುಟ್ಟುಗುಣ. ಈ ಗುಣದಿಂದಾಗಿ ನಮ್ಮ ಮನೆಯ ಒಂದು ಫ್ಯಾನು ಹಿಂದಕ್ಕೆ ತಿರುಗುತ್ತದೆ. ಬಚ್ಚಲಿನ ನಲ್ಲಿಯಲ್ಲಿ ನೀರು ಬರಬೇಕಾದರೆ ಅದನ್ನು ಮುಚ್ಚುವ ಕಡೆಗೆ ತಿರುಗಿಸಬೇಕು. ಹೆಂಡತಿ ಮಹಾನಂದಾ ಇದನ್ನೆಲ್ಲ ಸಹಿಸಿಕೊಂಡಿದ್ದಾಳೆ. ಬಂದ ನೆಂಟರಿಗೆ ನಲ್ಲಿಯ ಗುಟ್ಟು ತಿಳಿಸಿ ಹೇಳುವಾಗಲೂ ಆಕೆ ನನ್ನ ಹೆಸರು ಎತ್ತುವುದಿಲ್ಲ. ನನ್ನ ಕಡೆ ಒಮ್ಮೆ ನೋಡುತ್ತಾಳೆ, ಅಷ್ಟೆ. ಇಂಥ ನಾನು ಬೇಸಿಗೆ ರಜೆಯಲ್ಲಿ ಹಾಸಿಗೆಯ ಮೇಲೆ ಬಿದ್ದುಕೊಂಡು ಮೊಬೈಲಿನಲ್ಲಿ ಯಾರೋ ಒಬ್ಬ ತನ್ನ ಗ್ಯಾರೇಜಿನ ನೆಲಕ್ಕೆ ಬಣ್ಣ ಹಚ್ಚುವುದನ್ನು ನೋಡಿದೆ. ಅವನ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎದ್ದು ಹೋಗಿ ನನ್ನ ನೆಲ ನೋಡಿದೆ. ನಾಚಿಕೆಯಾಯಿತು.

ಜೇವರ್ಗಿಯ ನಮ್ಮ ಮನೆಯಲ್ಲಿ ಪಡಸಾಲೆಯಿಂದ ಹಿತ್ತಿಲವರೆಗೂ ಫರ್ಸಿ ಕಲ್ಲಿನ ನೆಲ. ಗ್ಯಾರೇಜಿಗೆ ಮಾತ್ರ ಕಾಂಕ್ರೀಟು. ಕಾರಿನ ಭಾರಕ್ಕೆ ಫರ್ಸಿ ಸೀಳುತ್ತದೆ ಎಂದು ನಾನೇ ಹಟ ಹಿಡಿದು ಹಾಕಿಸಿದ್ದು. ಹಾಕಿದ ಗೌಂಡಿ ಸಿಮೆಂಟಿನ ವಿಷಯದಲ್ಲಿ ಬಹಳ ಸಂಯಮಿ, ಮರಳಿನ ವಿಷಯದಲ್ಲಿ ಮಹಾ ಉದಾರಿ. ಆದರೂ ಆ ನೆಲ ಇನ್ನಷ್ಟು ದಿನ ಬಾಳುತ್ತಿತ್ತೇನೋ. ಅದರ ಮೇಲೆ ತಿಂಗಳಿಗೊಂದು ತೆಂಗಿನಕಾಯಿ ಬೀಳದೆ ಇದ್ದಿದ್ದರೆ.

ಕಾಯಿಯ ಕಥೆ ಹೇಳಲೇಬೇಕು. ನಾಲ್ಕು ವರ್ಷದ ಹಿಂದೆ ಮಹಾನಂದಾಳ ತವರಾದ ಅತನೂರಿನಿಂದ ನಾವಿಬ್ಬರೂ ಕಾರಿನಲ್ಲಿ ಬರುತ್ತಿದ್ದಾಗ ಮುಂದಿನ ಟಾಯರು ಢಮ್ಮೆಂದಿತು. ಕಾರು ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿ ನಿಂತಿತು. ಇಬ್ಬರಿಗೂ ಒಂದು ಗೀರೂ ಆಗಲಿಲ್ಲ. ನಾನು ನೆಲೋಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹೊಲದಲ್ಲಿ ನಿಂತೇ ಆಕೆಗೆ ಬಿಸಿಯಾದ ಗಾಳಿ ಹೇಗೆ ಹಿಗ್ಗುತ್ತದೆ, ಹಳೆಯ ಟಾಯರು ಯಾಕೆ ಸಿಡಿಯುತ್ತದೆ ಎಂದು ವಿವರಿಸಿದೆ. ಆಕೆ ಸೆರಗು ಹಿಡಿದುಕೊಂಡು ಎಲ್ಲವನ್ನೂ ಕೇಳಿದಳು. ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಕಾರಿನ ಮೂತಿಗೆ ವಿಭೂತಿ ಬಳಿದು, ಗಾಲಿಗೊಂದು ನಿಂಬೆಹಣ್ಣು ಇಟ್ಟು, ಎದುರಿಗೆ ನೆಲಕ್ಕೆ ಕಾಯಿ ಅಪ್ಪಳಿಸಿದಳು. ಅಂದಿನಿಂದ ಒಂದು ಅಮಾವಾಸ್ಯೆಯೂ ತಪ್ಪಿಲ್ಲ. ಗೌಂಡಿಯ ದಯೆಯಿಂದ ಪ್ರತಿ ಸಲವೂ ಕಾಯಿಯ ಜೊತೆಗೆ ನೆಲವೂ ಒಡೆಯುತ್ತಿತ್ತು. ಕಾರಿನ ಮುಂದಿನ ಜಾಗ ಮೈಲಿಬೇನೆ ಬಂದು ಹೋದ ಮುಖದಂತೆ ಗುಂಡಿ ಗುಂಡಿಯಾಗಿತ್ತು.

ಬಣ್ಣದ ಅಂಗಡಿಯ ಮಹಬೂಬ್ ಸಾಬರ ಬಳಿ ಹೋದೆ. ಅವರು ನನ್ನ ಉತ್ಸಾಹವನ್ನು ಪೂರ್ತಿ ಕೇಳಿಸಿಕೊಂಡು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಪಕ್ಕಕ್ಕೆ ಸರಿಸಿದರು.

"ಮಾಸ್ತರ್, ಬಣ್ಣಾ ಹಚ್ಚೋದು ಒಂದ್ ತಾಸಿನ ಕೆಲ್ಸ. ನೆಲ ತಯ್ಯಾರ್ ಮಾಡೋದೇ ಅಸಲಿ ಕೆಲ್ಸ. ನೆಲದಾಗ ಎಣ್ಣಿ ಉಳೀಬಾರ್ದು, ನೀರ್ ಉಳೀಬಾರ್ದು, ಧೂಳ್ ಉಳೀಬಾರ್ದು."

"ಮತ್ತ ಉಳೀಬೇಕಾದ್ದು ಏನ್ರಿ?"

"ನಿಮ್ಮ ಹಂತ್ಯಾಕ ಸಬರ್ ಉಳೀಬೇಕ್ರಿ."

ಸಬರ್ ಅಂದರೆ ತಾಳ್ಮೆ. ಅದೊಂದನ್ನು ಬಿಟ್ಟು ಉಳಿದ ಎಲ್ಲ ಸಾಮಾನನ್ನೂ ಅವರ ಅಂಗಡಿಯಿಂದ ಹೊತ್ತು ತಂದೆ.

ಸಾಬರು ಹೇಳಿದ್ದು ಸುಳ್ಳಲ್ಲ. ಕಾರನ್ನು ಬಿಸಿಲಿಗೆ ತಳ್ಳಿ ಮೊದಲ ದಿನ ಎಂಜಿನ್ ಎಣ್ಣೆಯ ಕಲೆಗಳ ಮೇಲೆ ಸೋಡಾ ಸುರಿದು ತಿಕ್ಕಿದೆ. ಕಲೆ ಹೋಗಲಿಲ್ಲ, ಬ್ರಷ್ಷಿನ ಕೂದಲು ಹೋಯಿತು. ಎರಡನೆಯ ದಿನ ನೀರಿಗೆ ಆಸಿಡ್ಡು ಬೆರೆಸಿ ಚೆಲ್ಲಿದೆ. ನೆಲ ಚುರುಗುಟ್ಟಿ ನೊರೆ ಕಾರಿತು, ನಾನು ಕೆಮ್ಮುತ್ತ ಅಂಗಳಕ್ಕೆ ಓಡಿದೆ. ಪಕ್ಕದ ಮನೆಯ ಶಿವಶರಣಪ್ಪ ಗೋಡೆಯ ಮೇಲಿಂದ ತಲೆ ಚಾಚಿ, "ಏನ್ ಮಾಡಾಕತ್ತೀರಿ ಮಾಸ್ತರ್? ಪೆಟಗಿ ಒಳಗಿನ ಬಂಗಾರ ತೊಳ್ಯಾಕತ್ತೀರೇನು?" ಎಂದು ಕೇಳಿದ. ಮೂರನೆಯ ದಿನ ಮಂಡಿಯೂರಿ ಗುಂಡಿ ತುಂಬತೊಡಗಿದೆ. ಒಂದೊಂದು ಗುಂಡಿಯೂ ಒಂದೊಂದು ಅಮಾವಾಸ್ಯೆ. ನಲವತ್ತರ ತನಕ ಎಣಿಸಿ ಬಿಟ್ಟುಬಿಟ್ಟೆ. ಜೇವರ್ಗಿಯ ಮೇ ತಿಂಗಳ ಬಿಸಿಲಿನಲ್ಲಿ ಒಂದು ಗುಂಡಿಗೆ ಗಾರೆ ಮೆತ್ತಿ ಇನ್ನೊಂದಕ್ಕೆ ಹೊರಳುವಷ್ಟರಲ್ಲಿ ಕರಣೆಯ ಮೇಲಿನ ಗಾರೆ ಕಲ್ಲಾಗುತ್ತಿತ್ತು. ಆ ಸಿಟ್ಟನ್ನೆಲ್ಲ ಶಿವಶರಣಪ್ಪನ ಮುಂದೆ ಕಾರಿಕೊಂಡೆ. ಗಾಡಿಯನ್ನು ಕಾಯುವುದು ಕಾಯಿಯಲ್ಲ, ಬ್ರೇಕು ಮತ್ತು ಟಾಯರಿನ ಗಾಳಿ; ಓದಿದವರ ಮನೆಯಲ್ಲೇ ಹೀಗಾದರೆ ಹೇಗೆ ಎಂದು ಅರ್ಧ ತಾಸು ಭಾಷಣ ಬಿಗಿದೆ. ಅವನು, "ಖರೇ ಅದ ಬಿಡ್ರಿ, ನೀವು ಹೇಳಿದ್ ಮ್ಯಾಲ ಮುಗೀತು," ಎಂದ. ಒಳಗೆ ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು.

ವಾರದ ಕೊನೆಗೆ ಎರಡು ಕೋಟು ಬೂದುಬಣ್ಣ ಬಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಜೀವಮಾನದಲ್ಲಿ ನಾನು ಕೈಯಾರೆ ಮಾಡಿದ ಕೆಲಸಗಳಲ್ಲಿ ನೆಟ್ಟಗಾದದ್ದು ಅದೊಂದೇ. ನೆಲ ನಿಜವಾಗಿಯೂ ಹೊಳೆಯಿತು. ಶಿವಶರಣಪ್ಪ ನೋಡಲು ಬಂದವನು ಹೇಳದೆಯೇ ಚಪ್ಪಲಿ ಬಿಟ್ಟ. ನನಗೆ ಎದೆ ತುಂಬಿ ಬಂತು. ಆ ಹೆಮ್ಮೆಯಲ್ಲೇ ಮಹಾನಂದಾಳನ್ನು ಕರೆದು, ಇನ್ನು ಮುಂದೆ ಈ ನೆಲದ ಮೇಲೆ ಕಾಯಿ ಒಡೆಯಕೂಡದು ಎಂದು ಅಪ್ಪಣೆ ಹೊರಡಿಸಿದೆ.

"ಮತ್ತ ಎಲ್ಲಿ ಒಡೀಲಿ?"

ಅದಕ್ಕೂ ನಾನು ಉಪಾಯ ಹುಡುಕಿಟ್ಟಿದ್ದೆ. ಗೇಟಿನ ಪಕ್ಕ ಒಂದು ದಪ್ಪ ಕರಿಕಲ್ಲು ತಂದಿಟ್ಟು ತೋರಿಸಿದೆ. ಆಕೆ ಕಲ್ಲನ್ನು ನೋಡಿದಳು, ನೆಲವನ್ನು ನೋಡಿದಳು.

"ಆಯ್ತು ಬಿಡ್ರಿ. ನೆಲಕ್ಕ ಇರೋ ಕಿಮ್ಮತ್ತು ನಮ್ಮ ಜೀವಕ್ಕ ಎಲ್ಲಿ ಬರಬೇಕು," ಎಂದಳು. ಜಗಳ ಆಡಿದ್ದರೆ ಗೆಲ್ಲಬಹುದಿತ್ತು. ಆಕೆ ಜಗಳ ಆಡಲಿಲ್ಲ. ಆ ಅಮಾವಾಸ್ಯೆ ಕಲ್ಲಿನ ಮೇಲೆ ಕಾಯಿ ಒಡೆದು, ಕಾರಿನ ಮುಂದೆ ನಿಲ್ಲದೆ, ನೇರವಾಗಿ ಒಳಗೆ ಹೋದಳು.

ಅದಾದ ಮೂರನೆಯ ದಿನ ಶಾಲೆ ಆರಂಭ. ತಡವಾಗಿದೆಯೆಂದು ಅವಸರದಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟೆ. ಗೇಟಿನ ಹತ್ತಿರ ಕಟಕ್ಕೆಂದಿತು. ಇಳಿದು ನೋಡಿದರೆ ಹಿಂದಿನ ದೀಪ ಪುಡಿ, ಬಂಪರು ಸೀಳು. ಕರಿಕಲ್ಲು ಮಾತ್ರ ಇದ್ದಲ್ಲೇ ಇತ್ತು. ಮಹಾನಂದಾ ಬಾಗಿಲಿಗೆ ಬಂದು ನೋಡಿ, "ನಿಮಗೇನೂ ಆಗಿಲ್ಲಲ್ರಿ?" ಎಂದಷ್ಟೇ ಕೇಳಿ ಒಳಗೆ ಹೋದಳು. ಸಂಜೆ ಬಂದವನೇ ಆ ಕಲ್ಲನ್ನು ಹೊರಳಿಸಿಕೊಂಡು ಹೋಗಿ ಚರಂಡಿಯ ಆಚೆ ಕೆಡವಿದೆ.

ಮುಂದಿನ ಅಮಾವಾಸ್ಯೆಗೆ ಆಕೆ ಅತನೂರಿಗೆ ಹೋಗಿದ್ದಳು, ಅಣ್ಣನ ಮೊಮ್ಮಗಳ ತೊಟ್ಟಿಲ ಶಾಸ್ತ್ರವಿತ್ತು. ಬೆಳಿಗ್ಗೆ ಫೋನು ಮಾಡಿ, ಹಾಲು ಕಾಸಿದ್ರೇನು, ಡಬ್ಬಿಯಲ್ಲಿ ರೊಟ್ಟಿ ಅದಾವ, ನೋಡ್ರಿ ಎಂದಳು. ಅಮಾವಾಸ್ಯೆಯ ಮಾತೇ ಎತ್ತಲಿಲ್ಲ. ಕೊನೆಗೆ, "ಸಾವಕಾಶ ಹೋಗ್ರಿ, ರೋಡಿಗಿ ಲಾರಿ ಭಾಳ ಇರ್ತಾವ," ಎಂದು ಇಟ್ಟುಬಿಟ್ಟಳು.

ಕಾರಿನಲ್ಲಿ ಕೂತೆ. ಚಾವಿ ಹಾಕಿದೆ. ತಿರುಗಿಸಲು ಕೈ ಬರಲಿಲ್ಲ. ನನಗೆ ಭಯವಿರಲಿಲ್ಲ, ಟಾಯರು ಹೊಸದು, ಗಾಳಿ ನಿನ್ನೆಯಷ್ಟೇ ಹಾಕಿಸಿದ್ದು. ಆದರೆ ಸಂಜೆ ನಾನು ಮನೆ ಮುಟ್ಟಿ ಫೋನು ಮಾಡುವವರೆಗೂ ಅತನೂರಿನಲ್ಲಿ ತೊಟ್ಟಿಲು ತೂಗುತ್ತ, ನೆಂಟರ ಜೊತೆ ನಗುತ್ತ, ಒಳಗೊಳಗೇ ನೆಲೋಗಿ ರಸ್ತೆಯ ಲಾರಿಗಳನ್ನು ಎಣಿಸುವವಳು ಆಕೆ. ಅದನ್ನು ನೆನೆದು ಕಾರಿನಿಂದ ಇಳಿದು ಹೋಗಿ ಅಡುಗೆಮನೆಯಿಂದ ಕಾಯಿ ತಂದೆ. ಅಂಗಳದಲ್ಲಿ ಒಡೆಯೋಣವೆಂದರೆ ಗೋಡೆಯಾಚೆ ಶಿವಶರಣಪ್ಪ ಹಲ್ಲುಜ್ಜುತ್ತಿದ್ದ. ಅರ್ಧ ತಾಸಿನ ಭಾಷಣ ಅವನಿಗಿನ್ನೂ ಮರೆತಿರಲಿಕ್ಕಿಲ್ಲ. ಗ್ಯಾರೇಜಿನ ಶಟರು ಪೂರಾ ಇಳಿಸಿ, ಕಳ್ಳನ ಹಾಗೆ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣುಮುಚ್ಚಿ ಕಾಯಿಯನ್ನು ನೆಲಕ್ಕೆ ಬಡಿದೆ. ಬಣ್ಣ ಚಕ್ಕೆ ಎದ್ದಿತು, ಕಾಯಿ ಒಡೆಯಲಿಲ್ಲ. ಎರಡನೆಯ ಏಟಿಗೆ ಗಾರೆಯೂ ಎದ್ದಿತು. ಮೂರನೆಯದಕ್ಕೆ ಕಾಯಿ ಒಡೆದು ನೀರು ನನ್ನ ಇಸ್ತ್ರಿ ಅಂಗಿಯ ಮೇಲೆ ಚೆಲ್ಲಿತು. ಸಮಾಧಾನವಾಯಿತು ಎಂದು ಹೇಳಿಕೊಳ್ಳಲು ವಿಜ್ಞಾನದ ಮಾಸ್ತರನಿಗೆ ಸಂಕೋಚ, ಆದರೆ ಆಯಿತು.

ಎರಡು ದಿನ ಬಿಟ್ಟು ಮಹಾನಂದಾ ಬಂದಳು, ಬಸ್ ಸ್ಟ್ಯಾಂಡಿನಿಂದ ನಾನೇ ಕಾರಿನಲ್ಲಿ ಕರೆತಂದೆ. ಕಾರಿನಿಂದ ಚೀಲ ಇಳಿಸುತ್ತಿದ್ದವಳ ಕಣ್ಣು ನೆಲದ ಮೇಲೆ ಬಿತ್ತು. ಹೊಳೆಯುವ ಬೂದುಬಣ್ಣದ ನಟ್ಟನಡುವೆ ಮೂರು ಹೊಸ ಗುಂಡಿ.

"ಇದೇನ್ರಿ?"

"ಬಣ್ಣ ಖರಾಬ್ ಅದ," ಎಂದೆ. "ಮಹಬೂಬ್ ಸಾಬ್ರು ಪಕ್ಕಾ ಮಾಲು ಕೊಟ್ಟಿಲ್ಲ. ತಾನ ಎದ್ದದ."

ಆಕೆ ಬಗ್ಗಿ, ಮುಂದಿನ ಗಾಲಿಯ ಹಿಂದೆ ಕೈಹಾಕಿ ಏನನ್ನೋ ಹೆಕ್ಕಿ ಅಂಗೈಯಲ್ಲಿ ಹಿಡಿದಳು. ಬೆರಳುದ್ದದ ಕರಟದ ಚೂರು.

"ಹೌದ್ರಿ, ಮಾಲು ಭಾಳ ಖರಾಬ್ ಅದ. ನೋಡ್ರಿಲ್ಲಿ, ಬಣ್ಣದಾಗಿಂದ ಕರಟ ಉದುರಾಕತ್ತದ."

ನಾನು ಉಳಿದ ಚೀಲ ಎತ್ತಿಕೊಂಡೆ. ತರಗತಿಯಲ್ಲಿ ಹೀಗೆ ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾನು ಬೆಂಚಿನ ಮೇಲೆ ಹತ್ತಿಸುತ್ತೇನೆ. ಮಹಾನಂದಾ ಆ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಒಳಗೆ ಹೋಗಿ ನನಗೆ ಚಹಾ ಮಾಡಿಕೊಟ್ಟಳು.